ಬೆನ್ನಿಗೆ ಬೆನ್ನು ಹಚ್ಚಿದ ಸೈಕಲ್ಲು

ನಾಗರ ಪಂಚಮಿಗೆ ಸೈಕಲ್ ಮೇಲೆ ಬರುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದೇ ತಡ, ನಮ್ಮಣ್ಣ ಪ್ರಭುಲಿಂಗಪ್ಪ ಕೆಂಡಾಮಂಡಲವಾದ.

“ಅರವತ್ತೆರಡು ವರ್ಷ ಆದವು ಪುಷ್ಪಾ ನಿನಗ! ಅಂಗಾತ ಮಲಗಿ, ಓಣಿ ಮಂದಿಗೆಲ್ಲಾ ಅಂಗಾಲು ತೋರಿಸ್ಕೋತ ಬರತೀಯೇನು? ಚೇತನಕುಮಾರನ ಕೈಯಾಗ ಕಾರು ಕೊಟ್ಟು ಕಳಸ್ತೇನಿ. ಕಾರಿನ್ಯಾಗ ಬಂದ್ರ ಇದು ನಿನ್ನ ತವರುಮನಿ. ಆ ಗಾಡಿ ಮ್ಯಾಲೆ ಬಂದ್ರ ಬಾಗಲಾ ಮುಚ್ಚಿರತೈತಿ, ಹೇಳೇನಿ.”

ನಾನೂ ಅವನ ತಂಗಿಯೇ. “ಮುಚ್ಚು. ಚಿಲಕಾನೂ ಹಾಕ್ಕೋ,” ಎಂದು ಫೋನು ಇಟ್ಟೆ. ಇಟ್ಟವಳು ಅಡಿಗೆಮನೆಗೆ ಹೋಗಿ ಅತ್ತೆ. ಸುಳ್ಳು ಯಾಕೆ ಹೇಳಲಿ? ಅಪ್ಪ, ಅವ್ವ ಹೋದ ಮೇಲೆ ನನಗೆ ತವರು ಅಂತ ಉಳಿದದ್ದು ಕುಮಾರಪಟ್ಟಣದ ಆ ಒಂದು ಬಾಗಿಲು. ಮದುವೆಯಾದ ನಲವತ್ತು ವರ್ಷದಲ್ಲಿ ಒಂದೇ ಒಂದು ಪಂಚಮಿಯನ್ನೂ ನಾನು ತಪ್ಪಿಸಿರಲಿಲ್ಲ. ಬಾಗಿಲು ಮುಚ್ಚಿದರೆ ನಾನು ಎಲ್ಲಿಗೆ ಹೋಗಬೇಕು? ಆದರೆ ಸೈಕಲ್ ಬಿಟ್ಟು ಕಾರಿನಲ್ಲಿ ಹೋದರೂ ನನಗೆ ಆ ಮನೆಯಲ್ಲಿ ಹಬ್ಬದ ಉಂಡಿ ಗಂಟಲಿನಲ್ಲಿ ಇಳಿಯುವುದಿಲ್ಲ ಎಂದು ಗೊತ್ತಿತ್ತು. ಮೂಗು ಒರೆಸಿಕೊಂಡು ಎದ್ದೆ.

ಈ ಸೈಕಲ್ಲು ಹುಟ್ಟಿದ್ದೇ ಸಿಟ್ಟಿನಿಂದ. ಮೂವತ್ತೆರಡು ವರ್ಷ ನಾನು ಹಾವೇರಿ ಸುತ್ತಮುತ್ತ ಊರೂರು ತಿರುಗಿ ಸೂಜಿ ಚುಚ್ಚಿದ ನರ್ಸಬಾಯಿ. ನಿವೃತ್ತಿಯಾದ ಮೇಲೆ ಸೈಕಲ್ ಹತ್ತಿ ಊರು ನೋಡಬೇಕು ಅಂತ ಬಹಳ ಆಸೆ ಇಟ್ಟುಕೊಂಡಿದ್ದೆ. ಡಾಕ್ಟರು ನನ್ನ ಸೊಂಟದ ಫೋಟೋ ನೋಡಿ, “ಸೀಟಿನ ಮೇಲೆ ನೆಟ್ಟಗೆ ಕೂತು ಸೈಕಲ್ ಹೊಡೆದರೆ ಕಾಯಂ ಮಲಗಬೇಕಾಗುತ್ತೆ ನೋಡಿ,” ಅಂದರು. “ಹಂಗಾದ್ರ ಮಲಗೇ ಹೊಡೀತೇನಿ,” ಎಂದು ನಾನು ಚೀಟಿ ಕಿತ್ತುಕೊಂಡು ಬಂದುಬಿಟ್ಟೆ. ಬಾಯಿಗೆ ಬಂದ ಮಾತು ಅದು, ಅಷ್ಟೇ. ಆದರೆ ಹೊರಗೆ ಬೆಂಚಿನ ಮೇಲೆ ಸೈದಾಬಿ ಕೂತಿದ್ದಳು. ಇಪ್ಪತ್ತು ವರ್ಷ ನನ್ನ ಜೊತೆ ಸರಕಾರಿ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು, ನಾನು ಬೇಡವೆಂದರೂ ನನ್ನನ್ನು ಬಿಟ್ಟು ಎಲ್ಲಿಯೂ ಹೋಗದವಳು. ಅವಳು ಆ ಮಾತನ್ನು ಹಿಡಿದುಕೊಂಡುಬಿಟ್ಟಳು.

“ಅಕ್ಕಾ, ಮಲಗಿ ಹೊಡಿಯೋ ಸೈಕಲ್ ಖರೇನ ಅದಾವ್ರಿ,” ಎಂದು ಸಂಜೆ ಫೋನಿನಲ್ಲಿ ವಿಡಿಯೋ ತಂದು ತೋರಿಸಿದಳು. ಯಾವುದೋ ದೇಶದ ಮುದುಕ ಮುದುಕಿಯರು ಆರಾಮ ಕುರ್ಚಿಯಲ್ಲಿ ಒರಗಿದವರ ಹಾಗೆ ಮೂರು ಗಾಲಿಯ ಗಾಡಿಯಲ್ಲಿ ಒರಗಿ, ಕಾಲು ಮುಂದೆ ಚಾಚಿ ತುಳಿಯುತ್ತ ಗುಡ್ಡ ಇಳಿಯುತ್ತಿದ್ದರು. ಸೈದಾಬಿಯ ಗಂಡ ಯೂಸುಫಸಾಬ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವೆಲ್ಡರ್. ಅವನು ಆ ವಿಡಿಯೋವನ್ನು ಹಿಂದೆ ಮುಂದೆ ಮಾಡಿ ಎಷ್ಟೋ ಸಲ ನೋಡಿ, “ಟ್ರೇಲರಿಗಿಂತ ಸಸಾರ ಐತಿ,” ಎಂದು ಹಳೆಯ ಪೈಪು ಹುಡುಕಲು ಎದ್ದ.

ಅಷ್ಟರಲ್ಲಿ ಸೈದಾಬಿ ತಾನೂ ಬರುವವಳೇ ಎಂದು ಪಟ್ಟು ಹಿಡಿದಳು. ಒಬ್ಬರ ಹಿಂದೆ ಒಬ್ಬರನ್ನು ಮಲಗಿಸಿದರೆ ಗಾಡಿ ಉದ್ದವಾಗಿ ಅವರ ಓಣಿಯ ತಿರುವಿನಲ್ಲಿ ಹೊರಳುತ್ತಿರಲಿಲ್ಲ. ಹಾಗಾಗಿ ಯೂಸುಫಸಾಬ ಇಬ್ಬರ ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಬೆಸೆದ. ನನ್ನ ಮುಖ ಹೋಗುವ ದಿಕ್ಕಿಗೆ, ಸೈದಾಬಿಯ ಮುಖ ಬಿಟ್ಟು ಬಂದ ದಿಕ್ಕಿಗೆ. ಹಿಡಿಕೆ ಮತ್ತು ಬ್ರೇಕು ನನ್ನ ಕೈಯಲ್ಲಿ, ಪೆಡಲು ಇಬ್ಬರಿಗೂ. ಮೊದಲ ದಿನ ಇಬ್ಬರೂ ಜೀವ ಬಿಟ್ಟು ತುಳಿದೆವು. ಗಾಡಿ ನಿಂತಲ್ಲೇ ನಿಂತು ನರಳಿತು. ಅವಳು ಮುಂದಕ್ಕೆ ಅಂತ ತುಳಿದದ್ದು ನನಗೆ ಹಿಂದಕ್ಕೆ! ಯೂಸುಫಸಾಬ ಹಣೆ ಬಡಿದುಕೊಂಡು, ಹಿಂದಿನ ಚೈನನ್ನು ಎಂಟರ ಅಂಕಿಯ ಹಾಗೆ ಅಡ್ಡ ತಿರುವಿ ಹಾಕಿದ. ಮರುದಿನ ಗಾಡಿ ಓಡಿತು. ನಾವು ಇಬ್ಬರೂ ಎಷ್ಟು ಕಿರುಚಿದೆವೆಂದರೆ ಓಣಿಯ ನಾಯಿಗಳೆಲ್ಲ ಮೂಲೆ ಸೇರಿದವು.

ಪಂಚಮಿಯ ಹಿಂದಿನ ದಿನ, ರೊಟ್ಟಿ ಹಬ್ಬದ ಬೆಳಿಗ್ಗೆ ಹಾವೇರಿ ಬಿಟ್ಟೆವು. ಎರಡು ದಿನದ ದಾರಿ, ನಡುವೆ ರಾಣೆಬೆನ್ನೂರಿನಲ್ಲಿ ಸೈದಾಬಿಯ ಮಗಳು ಸಾಜಿಯಾಳ ಮನೆಯಲ್ಲಿ ವಸತಿ. ನಾನು ಜನ್ಮದಲ್ಲೇ ಮೊದಲ ಸಲ ಚೂಡಿದಾರ ತೊಟ್ಟಿದ್ದೆ. ನಮ್ಮನೆಯವರು ಬಾಗಿಲಲ್ಲಿ ನಿಂತು ಫೋಟೋ ತೆಗೆದು, “ಇಳುಕಲಿನ್ಯಾಗ ಬ್ರೇಕ್ ಮರೀಬ್ಯಾಡ,” ಅಂದರು. ಅಷ್ಟೇ. ಆ ಮನುಷ್ಯನಿಗೆ ನನ್ನ ಸಿಟ್ಟಿನ ಅಂದಾಜು ಚೆನ್ನಾಗಿ ಇದೆ.

ಮೋಟೆಬೆನ್ನೂರು ಮುಟ್ಟುವ ಮೊದಲೇ ಇಬ್ಬರು ಗಂಡಸರು ಹೊಲದಿಂದ ಓಡಿ ಬಂದರು. “ಅಯ್ಯ, ನಮ್ಮ ನರ್ಸಬಾಯಿ! ಏನಾತ್ರಿ ನಿಮಗ? ಯಾವ ದವಾಖಾನಿಗೆ ಒಯ್ಯಾಕತ್ತಾರ?” ಎಂದು ಒಬ್ಬ ಅಳುವ ಮುಖ ಮಾಡಿ ಕೇಳಿದ. “ಯಾರೂ ಒಯ್ಯಾಕತ್ತಿಲ್ಲ, ನಾನ ಹೊಂಟೇನಿ,” ಎಂದು ತುಳಿದೆ. ಅವನು ನನ್ನ ಜೊತೆ ಸ್ವಲ್ಪ ದೂರ ಓಡುತ್ತ ಬಂದು ನಾಡಿ ಹಿಡಿದು ನೋಡಲು ಹವಣಿಸಿದ. ಹಿಂದಿನಿಂದ ಸೈದಾಬಿ ನಗುವುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಕುರ್ಚಿಯ ಹಗ್ಗದ ಹೆಣಿಕೆ ಒಂದೇ, ಅವಳು ನಕ್ಕರೆ ನಾನು ಕುಣಿಯುತ್ತೇನೆ.

ಹಿಂದಿನ ವಾಹನ ನೋಡಿ ಹೇಳುವುದು ಅವಳ ಕೆಲಸ. “ಲಾರಿ ಬಂತು! ಎಡಕ್ಕ!” ಎಂದು ಕೂಗಿದಳು. ನಾನು ಎಡಕ್ಕೆ ತಿರುಗಬೇಕಾದವಳು, ಅವಳ ಎಡ ಅಂದರೆ ನನ್ನ ಬಲ ಅಂತ ಅತಿ ಬುದ್ಧಿ ಉಪಯೋಗಿಸಿ ಬಲಕ್ಕೆ ತಿರುಗಿದೆ. ಅವಳು ಆಗಲೇ ಅದೇ ಲೆಕ್ಕ ಮಾಡಿ ನನ್ನ ಎಡವನ್ನೇ ಹೇಳಿದ್ದಳಂತೆ! ಲಾರಿಯವನು ಬ್ರೇಕು ಹಾಕಿ ನಮ್ಮ ಮನೆತನಗಳ ಬಗ್ಗೆ ಬಹಳ ಮಾತಾಡಿದ. ಅಲ್ಲಿಂದ ಮುಂದೆ ನಮ್ಮಲ್ಲಿ ಎಡ ಬಲ ಬಂದ್. ಹೊಲದ ಕಡೆ, ರೋಡಿನ ಕಡೆ, ಎರಡೇ ಮಾತು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆಗೆ ಹಬ್ಬದ ರಜೆ, ಆದರೆ ಗೋದಾಮುಗಳ ಘಾಟಿಗೆ ಯಾವ ರಜೆ? ಗೋಡೆ ದಾಟಿ ಬಂದು ಮೂಗಿಗೆ ಏರಿತು. ಅಂಗಾತ ಮಲಗಿ ಸೀನುವುದು ಬೇರೆಯೇ ವಿದ್ಯೆ. ನಾನು ಸೀನಿದರೆ ಕಾಲು ತಾನಾಗಿ ಪೆಡಲನ್ನು ಒದೆಯುತ್ತದೆ, ಗಾಡಿ ಒಂದು ಮೊಳ ಜಿಗಿಯುತ್ತದೆ. ಸೈದಾಬಿ ಸೀನಿದರೆ ಇನ್ನೊಂದು ಮೊಳ. ಹೀಗೆ ಸೀನುತ್ತ, ಜಿಗಿಯುತ್ತ ಪೇಟೆ ದಾಟುವಾಗ ಕಟ್ಟೆಯ ಮೇಲೆ ಕೂತ ಹೆಂಗಸರು ನಗುತ್ತ ಎದ್ದು ಬಂದರು. ರೊಟ್ಟಿ ಹಬ್ಬ ತಾನೆ, ಕೈಯಲ್ಲಿ ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ. “ಒಲ್ಲೆ,” ಅನ್ನಲು ನನ್ನ ಕೈ ಖಾಲಿ ಇರಲಿಲ್ಲ. ಒಬ್ಬಳು ನನ್ನ ಹೊಟ್ಟೆಯ ಮೇಲೆ ನಾಲ್ಕು ರೊಟ್ಟಿ ಇಟ್ಟಳು. ಇನ್ನೊಬ್ಬಳು ಸೈದಾಬಿಯ ಹೊಟ್ಟೆಯ ಮೇಲೆ ಆರು ಇಟ್ಟಳು. ಊರು ದಾಟುವಷ್ಟರಲ್ಲಿ ನಾವು ಎರಡು ರೊಟ್ಟಿ ಬುಟ್ಟಿಗಳಾಗಿದ್ದೆವು. ಹುಣಸೆ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ತವರಿಗೆ ಬಂದ ಹರೆಯದ ಹೆಣ್ಣುಮಕ್ಕಳು ಕಾಲು ಮುಂದೆ ಚಾಚಿ ಜೀಕುತ್ತಿದ್ದರು, ಅವರಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ. ನಮ್ಮಣ್ಣ ಇದನ್ನು ನೋಡಬೇಕಿತ್ತು ಎಂದುಕೊಂಡು ಹಲ್ಲು ಕಡಿದೆ.

ಪೇಚಿಗೆ ಸಿಕ್ಕಿದ್ದು ಕದರಮಂಡಲಗಿಯಲ್ಲಿ. ಆಂಜನೇಯನಿಗೆ ಕೈ ಮುಗಿದು ಹೋಗೋಣ ಎಂದು ಗುಡಿಯ ಕಡೆ ಹೊರಳಿದೆ. ಬಾಗಿಲು ಎದುರಿಗೇ ಕಾಣುತ್ತಿತ್ತು. ಆಗ ಒಬ್ಬ ಹಿರಿಯರು ಕೈ ಎತ್ತಿ ತಡೆದರು.

“ತಂಗೀ, ಕಾಲು ದೇವರ ಕಡೆ ಮಾಡ್ಕೊಂಡು ಹೊಂಟೀಯಲ್ಲಾ!”

ನಿಜ! ನನ್ನ ಎರಡೂ ಅಂಗಾಲು ನೇರ ಹನುಮಪ್ಪನ ಮುಖಕ್ಕೆ. ನಾನೆಷ್ಟೇ ಮೊಂಡಿಯಾದರೂ ದೇವರಿಗೆ ಕಾಲು ತೋರಿಸುವವಳಲ್ಲ. ನಾಲ್ಕು ಜನ ಹಿಡಿದು ಗಾಡಿಯನ್ನು ಪೂರಾ ತಿರುಗಿಸಿದರು. ಈಗ ಗುಡಿಯ ಕಡೆಗೆ ಸೈದಾಬಿಯ ಅಂಗಾಲು!

“ಈಗ ಈಕೀವು!” ಎಂದರು ಹಿರಿಯರು.

ಸೈದಾಬಿ ಗಾಬರಿಯಾಗಿ ಚಪ್ಪಲಿ ಕಿತ್ತು ಮಡಿಲಲ್ಲಿ ಇಟ್ಟುಕೊಂಡಳು. “ಚಪ್ಪಲಿ ತೆಗದೇನ್ರಿ, ಕಾಲು ತೆಗದು ಎಲ್ಲಿಡ್ಲಿ?”

ಮತ್ತೆ ತಿರುಗಿಸಿದರು. ಮತ್ತೆ ನನ್ನವು. ಎಲ್ಲರೂ ಯೋಚನೆಗೆ ಬಿದ್ದರು. ಅಡ್ಡ ನಿಲ್ಲಿಸಿ ತಳ್ಳಿರಿ ಎಂದ ಒಬ್ಬ, ಗಾಲಿ ಅಡ್ಡ ಹೋಗುವುದಿಲ್ಲ. ಇಳಿದು ಹೋಗಿರಿ ಎಂದ ಇನ್ನೊಬ್ಬ, ಆದರೆ ನನ್ನ ಸೊಂಟ ಹಿಡಿದುಕೊಂಡಿತ್ತು, ಇಳಿಯಲು ಹದಿನೈದು ನಿಮಿಷ ಬೇಕಿತ್ತು. ಆಗ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಗದಿಗೆವ್ವ ಎಂಬ ಮುದುಕಿಗೆ ತಾಳ್ಮೆ ಹೋಯಿತು.

“ಎಷ್ಟು ಚರ್ಚಾ ಮಾಡ್ತೀರೋ! ನಮ್ಮ ಹನುಮಪ್ಪ ಲಂಕಾಕ್ಕ ಹಾರಿದಾಗ ಮಾರಿ ಯಾವ ಕಡೆ ಇತ್ತು?”

“ಲಂಕಾದ ಕಡೆ,” ಎಂದರು ಹಿರಿಯರು.

“ಕಾಲು ಯಾರ ಕಡೆ ಇದ್ದವು?”

ಹಿರಿಯರು ಗುಡಿಯ ಕಡೆ ತಿರುಗಿ ನೋಡಿದರು.

“ರಾಮನ ಕಡೆ! ರಾಮ ಸಿಟ್ಟಾದನೇನು? ಕೆಲಸದ ಮ್ಯಾಲೆ ಹೊಂಟಾವ್ರ ಕಾಲು ಎಲ್ಲೋ ಒಂದ ಕಡೆ ಇರಬೇಕಲ್ಲ. ಸರೀರಿ ಅತ್ತಾಗ.” ಅವಳು ಎದ್ದು ಬಂದು ನನ್ನ ಹೊಟ್ಟೆಯ ರೊಟ್ಟಿಯ ಮೇಲೊಂದು ಸೇವಂತಿಗೆ, ಸೈದಾಬಿಯ ರೊಟ್ಟಿಯ ಮೇಲೊಂದು ಸೇವಂತಿಗೆ ಇಟ್ಟಳು. ನಾನು ಮಲಗಿದಲ್ಲಿಂದಲೇ ಎರಡೂ ಕೈ ಎತ್ತಿ ಮುಗಿದೆ. ಬ್ರೇಕು ಬಿಟ್ಟಿದ್ದು ಮರೆತೇ ಹೋಗಿತ್ತು. ಗಾಡಿ ಮೆಲ್ಲಗೆ ಹೊರಟು ತೆಂಗಿನಕಾಯಿ ಅಂಗಡಿಗೆ ಹೋಗಿ ಡಿಕ್ಕಿ ಹೊಡೆಯಿತು. ಕಾಯಿಗಳು ಉರುಳಿದವು, ಒಂದು ಒಡೆದೂ ಒಡೆಯಿತು. “ಕಾಯಿ ಒಡಸಿದಂಗಾತು, ಹೋಗಿ ಬರ್ರಿ,” ಎಂದಳು ಗದಿಗೆವ್ವ.

ರಾಣೆಬೆನ್ನೂರು ಮುಟ್ಟುವಾಗ ನಮ್ಮ ಮೀನಖಂಡಗಳು ಕಲ್ಲಾಗಿದ್ದವು. ಸಾಜಿಯಾ ತಾಯಿಯನ್ನು ಬೈಯುತ್ತ ಎಣ್ಣೆ ತಿಕ್ಕಿದಳು, ತಿಕ್ಕುತ್ತ ನಕ್ಕಳು, ನಾಳೆ ತಾನೂ ಒಂದು ಸುತ್ತು ಹೋಗುತ್ತೇನೆ ಅಂದಳು.

ಬೆಳಿಗ್ಗೆ ಊರು ಬಿಟ್ಟು ಸ್ವಲ್ಪ ದೂರ ಹೋಗಿದ್ದೆವು, ಎದುರಿಗೆ ಅಣ್ಣನ ಕಾರು ಬಂದು ನಿಂತಿತು. ಅಣ್ಣನ ಮಗ ಚೇತನಕುಮಾರ ಇಳಿದ. ಹುಬ್ಬು ಗಂಟು ಹಾಕಲು ನೋಡಿದ, ನಗು ತಡೆಯಲಾಗದೆ ಬಿಟ್ಟ.

“ಅತ್ತೀ, ಕಾರ್ ಹತ್ರಿ. ಇದನ್ನ ಟೆಂಪೋದಾಗ ಹಾಕಿಸ್ತೇನಿ. ಅಪ್ಪ ಭಾಳ ಸಿಟ್ಟಿಗೆದ್ದಾನ. ಖರೇನ ಬಾಗಲಾ ಹಾಕ್ಯಾನ.”

ಸಣ್ಣಗೆ ಜಿಟಿಜಿಟಿ ಮಳೆ ಶುರುವಾಗಿತ್ತು. ಕಾರಿನ ಸೀಟು ಮೆತ್ತಗೆ ಕಾಣುತ್ತಿತ್ತು. ನನ್ನ ಸೊಂಟ ಹೋಗು ಹೋಗು ಅನ್ನುತ್ತಿತ್ತು. ಒಂದು ಕ್ಷಣ ನಾನು ಏಳುವವಳೇ ಇದ್ದೆ, ಒಪ್ಪಿಕೊಳ್ಳುತ್ತೇನೆ.

“ನೀ ಮುಂದ ನಡಿ, ನಾ ಬರತೇನಿ,” ಅಂದೆ.

ಅವನು ಮುಂದೆ ಹೋಗಲಿಲ್ಲ. ನಮಗೆ ಯಾರಾದರೂ ಗುದ್ದಿಬಿಟ್ಟಾರು ಎಂದು ಹೆದರಿ, ಕಾರು ತಿರುಗಿಸಿಕೊಂಡು ಲೈಟು ಮಿಣುಕಿಸುತ್ತ ಹಿಂದೆಯೇ ಬಂದ. ಪಾಪ, ಇಪ್ಪತ್ತು ಕಿಲೋಮೀಟರು ಅವನೂ ಸೈದಾಬಿಯೂ ಮುಖಕ್ಕೆ ಮುಖ! ಮೊದಲು ಇಬ್ಬರೂ ನಾಚಿಕೆಯಿಂದ ಬೇರೆ ಕಡೆ ನೋಡಿದರಂತೆ. ಆಮೇಲೆ ಅವಳು ರೊಟ್ಟಿ ತೋರಿಸಿ ಬೇಕೇನು ಎಂದು ಸನ್ನೆ ಮಾಡಿದಳಂತೆ. ಹಲಗೇರಿಯ ಹತ್ತಿರ ಅವನು ಕಾರನ್ನು ಪಕ್ಕಕ್ಕೆ ತಂದು, ಕಿಟಕಿಯಿಂದ ಕೈ ಚಾಚಿ, ಓಡುವ ಗಾಡಿಯಿಂದಲೇ ಎರಡು ರೊಟ್ಟಿ ಇಸಿದುಕೊಂಡ.

ದಾರಿ ಸಮ ಆಯಿತು. ಮೆಕ್ಕೆಜೋಳದ ಹಸಿರು ಎರಡೂ ಕಡೆ. ಆಗ ನಾನು ಸೈದಾಬಿಗೆ ಯಾರಿಗೂ ಹೇಳದ ಮಾತು ಹೇಳಿದೆ. ಅವಳ ಮುಖ ಕಾಣದ್ದರಿಂದ ಹೇಳಲು ಬಂತು.

ನನಗೆ ಸೈಕಲ್ ಕಲಿಸಿದವನು ನಮ್ಮಣ್ಣನೇ. ನನಗೆ ಹದಿಮೂರು, ಅವನಿಗೆ ಹದಿನೆಂಟು. ಅಪ್ಪ ಅವನಿಗೆ ಕೊಡಿಸಿದ ಎತ್ತರದ ಕರಿ ಸೈಕಲ್ಲು. ಸೂರ್ಯ ಹುಟ್ಟುವ ಮುಂಚೆ ಹೊಳೆ ದಂಡೆಯ ಬಂಡಿದಾರಿಗೆ ಕರೆದುಕೊಂಡು ಹೋಗಿ, ಒಳಪೆಡಲು ತುಳಿಯಲು ಹೇಳಿ, ಸೀಟು ಹಿಡಿದು ಹಿಂದೆ ಓಡುತ್ತಿದ್ದ. ಎರಡು ತಿಂಗಳು. ಒಂದು ದಿನ ಊರ ಹಿರಿಯರು ನೋಡಿಬಿಟ್ಟರು. ಅಂಗಳ ತುಂಬ ಜನ ಸೇರಿದಾಗ ಅಪ್ಪ ಕೇಳಿದ, ಇವಳಿಗೆ ಇದನ್ನು ಯಾರು ಕಲಿಸಿದರು ಅಂತ. ಅಣ್ಣ ನೆಲ ನೋಡುತ್ತ, “ನಾ ಕಲಿಸಿಲ್ಲ. ಆಕೀನ ಕದ್ದು ಒಯ್ದಾಳ,” ಅಂದ. ಅಪ್ಪ ಹೊಡೆದದ್ದು ಮರೆತುಹೋಗಿದೆ. ಕದ್ದಾಳ ಅಂದದ್ದು ಮರೆತಿಲ್ಲ. ಅಲ್ಲಿಂದ ನಲವತ್ತೊಂಬತ್ತು ವರ್ಷ ಅವನು ಕಾರು ಕಳಿಸಿದ, ಸೀರೆ ಉಡಿಸಿದ, ನನ್ನ ಹೆರಿಗೆಗೆ ರಾತ್ರಿ ಹಗಲು ಓಡಾಡಿದ. ಆ ಒಂದು ಮಾತನ್ನು ಮಾತ್ರ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಾರಿನಲ್ಲಿ ಹೋದರೆ ನಾನು ಕಳ್ಳಿಯೇ ಅಂತ ಒಪ್ಪಿಕೊಂಡ ಹಾಗೆ ನನಗೆ ಅನಿಸುತ್ತಿತ್ತು.

ಸೈದಾಬಿ ನಾಲ್ಕು ಸುತ್ತು ಸಿಟ್ಟಿನಿಂದ ತುಳಿದಳು. ಆಮೇಲೆ, “ಎಂಥಾ ಅಣ್ಣಾರೋ ಏನೋ. ಇವತ್ತು ನಾ ಮಾತಾಡೇ ಮಾತಾಡ್ತೇನ್ರಿ,” ಅಂದಳು.

“ನೀ ಬಾಯಿ ಮುಚ್ಚಿಕೊಂಡಿರು,” ಎಂದೆ.

ಕಾರ್ಖಾನೆಯ ಚಿಮಣಿ ಕಂಡಿತು, ಹೊಳೆಯ ತಂಪು ಗಾಳಿ ಬಂತು, ನಮ್ಮ ಓಣಿ ಬಂತು. ನಾಗಪ್ಪನಿಗೆ ಹಾಲು ಹಾಕಿ ಬಂದ ಹೆಂಗಸರು, ಕಟ್ಟೆಯ ಮೇಲಿನ ಗಂಡಸರು ಎಲ್ಲರೂ ಎದ್ದು ನಿಂತರು. ಅಣ್ಣನ ಮನೆಯ ಮುಂದೆ ಬ್ರೇಕು ಹಾಕಿದೆ. ಬಾಗಿಲು ಮುಚ್ಚಿತ್ತು. ಹಬ್ಬದ ದಿನ, ನಡುಮಧ್ಯಾಹ್ನ, ರಂಗೋಲಿ ಹಾಕಿದ ಹೊಸ್ತಿಲ ಮೇಲೆ ಮುಚ್ಚಿದ ಬಾಗಿಲು. ಆವರೆಗೂ ನಾನು ನಂಬಿರಲಿಲ್ಲ.

ಸೈದಾಬಿ ಮಾತ್ರ ಗಾಡಿ ಇಳಿದು, ನನ್ನನ್ನು ಕೇಳದೆ, ನೇರ ಹಿತ್ತಲ ಬಾಗಿಲಿಗೆ ಹೋದಳು. “ಪ್ರೇಮವ್ವಾರ, ನೀರು ಕುಡಿಯಾಕ ಕೊಡ್ರಿ,” ಎಂದು ನಮ್ಮ ವೈನಿಯನ್ನು, ಅಣ್ಣನ ಹೆಂಡತಿಯನ್ನು, ಕೂಗುವುದು ಕೇಳಿಸಿತು. ನಾನು ಓಣಿಯ ನಡುವೆ ಕಾಲು ಚಾಚಿ ಒಬ್ಬಳೇ ಬಿದ್ದುಕೊಂಡಿದ್ದೆ.

ಐದು ನಿಮಿಷಕ್ಕೆ ಮುಂಬಾಗಿಲು ತೆರೆಯಿತು. ಅಣ್ಣ ಬಂದ. ಬಿಳಿ ಧೋತರ, ಹಣೆಯಲ್ಲಿ ವಿಭೂತಿ, ಮುಖ ಕೆಂಪಗೆ.

“ಮೊದಲ ಇದನ್ನ ನನ್ನ ಬಾಗಲ ಮುಂದಿಂದ ತೆಗಿ.”

“ತೆಗೀತೇನಿ,” ಎಂದು ತುಳಿದೆ. ಗಾಡಿ ಅಲ್ಲಾಡಲಿಲ್ಲ. ಹಿಂದೆ ಭಾರವಿಲ್ಲದೆ ಹಿಂದಿನ ಗಾಲಿ ನೆಲ ಬಿಟ್ಟು ಗಿರ್ರನೆ ತಿರುಗಿತು. “ಹಿಂದ ಯಾರರ ಕುಂತ್ರ ಹೋಗತೈತಿ. ಇಲ್ಲಂದ್ರ ನಾ ಇಲ್ಲೇ.”

“ಆಕಿನ್ನ ಕರಿ.”

ಹಿತ್ತಲಿನಿಂದ ಸೈದಾಬಿಯ ಧ್ವನಿ ಬಂತು: “ನಾ ಉಂಡಿ ತಿನ್ನಾಕತ್ತೇನ್ರಿ ಅಣ್ಣಾರ. ಸಾವಕಾಶ ಆಗತೈತಿ.”

ಕಟ್ಟೆಯ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಅಣ್ಣ ಓಣಿಯ ಆ ತುದಿ ನೋಡಿದ, ಈ ತುದಿ ನೋಡಿದ. ಆಮೇಲೆ ಧೋತರವನ್ನು ಎತ್ತಿ ಬಿಗಿಯಾಗಿ ಕಚ್ಚೆ ಹಾಕಿ, “ಹೊಳಿಮಟಾ ಬಿಟ್ಟು ಬರತೇನಿ, ಅಲ್ಲಿಂದ ನೀ ಎಲ್ಲರ ಹೋಗು,” ಎಂದು ಗೊಣಗುತ್ತ ಹಿಂದಿನ ಕುರ್ಚಿಯಲ್ಲಿ ಕೂತ. ಕೂತವನು ಒರಗಲೇಬೇಕಾಯಿತು. ಅವನ ಬೆನ್ನು ನನ್ನ ಬೆನ್ನಿಗೆ ಹತ್ತಿತು. ಅರವತ್ತೇಳರ ಮುದುಕನ ಬೆನ್ನು, ಎಲುಬು ಎಲುಬು ತಿಳಿಯುತ್ತಿತ್ತು.

ಗಾಡಿ ಹೊರಟಿತು. ನಮ್ಮ ಓಣಿ ಹೊಳೆಯ ಕಡೆಗೆ ಇಳುಕಲು. ಮೊದಲು ಮೆಲ್ಲಗೆ, ಆಮೇಲೆ ಲಗೂ ಲಗೂ.

“ನಿಧಾನ! ಏ ನಿಧಾನ! ನನಗ ಎಲ್ಲಿ ಹೊಂಟೇನಿ ಅಂತ ಕಾಣವಲ್ದು!”

“ನನಗ ಕಾಣತೈತಿ, ನೀ ತುಳಿ!”

ತುಳಿದ! ನನ್ನ ಕಾಲಿಗೆ ಅವನ ಕಾಲಿನ ಕಸುವು ಬಂತು. ಎರಡೂ ಕಡೆ ಮನೆಗಳು ಓಡತೊಡಗಿದವು. ಜನ ಹೋ ಎನ್ನುತ್ತ ಹಿಂದೆ ಬರುತ್ತಿದ್ದರು. ಹೆದರಿಕೆಗೋ ಮತ್ತೆ ಯಾತಕ್ಕೋ, ಅಣ್ಣ ನಗತೊಡಗಿದ. ಬೆನ್ನಿನಿಂದ ಬೆನ್ನಿಗೆ ಬಂದ ನಗು ಅದು, ತಡೆಯಲು ಆಗುತ್ತದೆಯೇ? ನಾನೂ ನಕ್ಕೆ. ಕಣ್ಣಲ್ಲಿ ನೀರು ಬಂದು ದಾರಿಯೇ ಮಸುಕಾಯಿತು.

ಹಿಂದಿನಿಂದ ಯಾರೋ ಚೇಷ್ಟೆಗೆ ಕೂಗಿದರು: “ಪ್ರಭಣ್ಣಾ, ನಿನ್ನ ತಂಗೀಗೆ ಇದನ್ನೆಲ್ಲಾ ಯಾರು ಕಲಿಸ್ಯಾರೋ?”

ನಗು ನಿಂತಿತು. ಪೆಡಲು ಎರಡು ಸುತ್ತು ಸುಮ್ಮನೆ ತಿರುಗಿದವು. ಅವನ ಮುಖ ಇಡೀ ಓಣಿಗೆ ಕಾಣುತ್ತಿತ್ತು, ನನಗೊಬ್ಬಳಿಗೆ ಕಾಣುತ್ತಿರಲಿಲ್ಲ.

“ನಾನ!” ಎಂದು ಕೂಗಿದ. “ನಾನ ಕಲಿಸೀನಿ! ಆಕಿ ಕದ್ದಿದ್ದಿಲ್ಲ! ಸೈಕಲ್ ನಾನ ಕೊಟ್ಟಿದ್ದೆ, ಸೀಟ ಹಿಡದು ನಾನ ಓಡೇನಿ! ಅವತ್ತು ಸುಳ್ಳು ಹೇಳೇನಿ!”

ಎದುರಿಗೆ ತುಂಗಭದ್ರೆ ತುಂಬಿ ಹರಿಯುತ್ತಿದ್ದಳು. ಇನ್ನು ಬ್ರೇಕು ಹಾಕಲೇಬೇಕಿತ್ತು. ನಾನು ಹಾಕಲಿಲ್ಲ, ದಂಡೆಯ ಬಂಡಿದಾರಿಗೆ ಹೊರಳಿಸಿದೆ.

“ಏನಂದಿ?” ಎಂದು ಕೇಳಿದೆ. “ಗಾಳ್ಯಾಗ ಕೇಳಲಿಲ್ಲ.”

ಚೆನ್ನಾಗಿ ಕೇಳಿಸಿತ್ತು. ಅವನಿಗೂ ಅದು ಗೊತ್ತಿತ್ತು. ಆದರೂ ಅವನು ಇನ್ನೊಮ್ಮೆ ಕೂಗಿದ, ಈ ಸಲ ಹೊಳೆಯ ಆಚೆ ದಂಡೆಯವರಿಗೂ ಕೇಳುವ ಹಾಗೆ.